ಎಡಗೈ ಬರಹ

‘ಮಿಲ್ಫರ್ಡ್ ರೋಡ್, ಒಂದು ಮೈಲಿ’ ಎಂದು ಅಮ್ಮಿ ಓದಿದರು. ಅದಕ್ಕೆ ಮುಂಚೆ ಬೆಕ್ ರೋಡ್ ಓದಿದ್ದರು, ವಿಕ್ಸಮ್ ಓದಿದ್ದರು, ಅಪಘಾತವಾದರೆ ಮೊದಲು ನನಗೆ ಫೋನ್ ಮಾಡಿ ಎಂದು ಹಲ್ಲು ಕಿರಿಯುವ ವಕೀಲನ ದೊಡ್ಡ ಹಲಗೆಯನ್ನೂ, ಅವನ ಫೋನ್ ನಂಬರಿನ ಸಮೇತ, ಬಿಡದೆ ಓದಿದ್ದರು. ಜೂನ್ ತಿಂಗಳಲ್ಲಿ ಡೆಟ್ರಾಯಿಟ್ ಏರ್‌ಪೋರ್ಟಿನಲ್ಲಿ ಇಳಿದ ದಿನದಿಂದ ಇದೇ ಕತೆ. ಕಾರು ಹತ್ತಿದರೆ ಬೋರ್ಡು, ಇಳಿದರೆ ಹಾಲಿನ ಡಬ್ಬಿಯ ಹಿಂಬದಿ, ಇಲ್ಲವೇ ಹುಲ್ಲು ಕತ್ತರಿಸದವರಿಗೆ ಸಬ್‌ಡಿವಿಷನ್ ಎನ್ನುವ ಬಡಾವಣೆಯವರು ಹಚ್ಚುವ ನೋಟೀಸು. ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಡುವುದೆಂದರೆ ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಕಳಿಸಿದ ಹಾಗೆ ಎನ್ನುವುದು ಅವರ ನಂಬಿಕೆ. ಅರಸೀಕೆರೆಯ ಹೆಣ್ಣುಮಕ್ಕಳ ಸರ್ಕಾರಿ ಶಾಲೆಯಲ್ಲಿ ಮೂವತ್ತಮೂರು ವರ್ಷ ಕನ್ನಡ ಪಾಠ ಹೇಳಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ನೂರುನ್ನೀಸಾ ಟೀಚರ್ ಮಗನ ಪಕ್ಕದ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಮಿಶಿಗನ್ನಿನ ಹೆದ್ದಾರಿಯ ಹಾಜರಿ ಕರೆಯುತ್ತಿದ್ದರು. ಬೇರೆ ದಿನವಾಗಿದ್ದರೆ ಫಜಲುಲ್ಲಾನಿಗೆ ನಗು ಬರುತ್ತಿತ್ತು. ಇವತ್ತು ಇವರ ಓದು ನಿಂತರೆ ಸಾಕು ಎನಿಸುತ್ತಿತ್ತು. ಇಷ್ಟು ಓದುವ ತಾಯಿಯನ್ನು ಅವನು ಓದುಬರಹ ಬಾರದವಳು ಎಂದು ಮಗಳ ಕೈಯಲ್ಲಿ ಬರೆಸಿದ್ದ. ಇನ್ನೆರಡು ಗಂಟೆಯಲ್ಲಿ ಅದನ್ನು ಇನ್ನೂರು ಜನರ ಎದುರಿಗೆ, ಅವರ ಎದುರಿಗೇ, ಮೈಕಿನಲ್ಲಿ ಓದುತ್ತಾರೆ.

ಮುಂದಿನ ಕಾರಿನಲ್ಲಿ ಹೆಂಡತಿ ಅರೀಬಾ, ಮಗಳು ದಾನಿಯಾ. ಇವನ ಕಾರಿನ ಹಿಂದೆ ಪುಟ್ಟ ಫ್ರಿಜ್ಜು, ಎರಡು ರಜಾಯಿ, ಪ್ಲಾಸ್ಟಿಕ್ ಡಬ್ಬಗಳಲ್ಲಿ ತುಂಬಿದ ದಾನಿಯಾಳ ಹದಿನೆಂಟು ವರ್ಷ. ಅವಳನ್ನು ಹಾಸ್ಟೆಲಿಗೆ ಬಿಡಲು ಹೊರಟಿದ್ದರು. ಸೇರುತ್ತಿರುವುದು ಸರ್ಕಾರಿ ವಿಶ್ವವಿದ್ಯಾಲಯ, ಜಾತ್ರೆಯಷ್ಟು ಮಕ್ಕಳು. ಅದರೊಳಗೆ ಆರಿಸಿದ ಕೆಲವರಿಗೆ ಆನರ್ಸ್ ಕಾಲೇಜ್ ಎಂದು ಒಂದು ಬೇರೆ ವ್ಯವಸ್ಥೆ. ಇದನ್ನು ಅಮ್ಮಿಗೆ ವಿವರಿಸುವಾಗ ಅವನು, ದೊಡ್ಡ ಹೋಟೆಲಿನೊಳಗೆ ಫ್ಯಾಮಿಲಿ ರೂಮ್ ಇರುತ್ತಲ್ಲ ಹಾಗೆ, ಎಂದಿದ್ದ. ಊಟ ಅದೇ ಅಡುಗೆಮನೆಯದು, ಆದರೆ ಪರದೆ ಇರುತ್ತೆ, ಗಲಾಟೆ ಇರಲ್ಲ, ಬಡಿಸುವವನು ಹೆಸರು ಹಿಡಿದು ಮಾತಾಡಿಸುತ್ತಾನೆ. ಆ ರೂಮಿಗೆ ಯಾರನ್ನು ಬಿಡಬೇಕು ಅಂತ ಹೇಗೆ ಗೊತ್ತು ಮಾಡ್ತಾರೆ ಎಂದು ಅಮ್ಮಿ ಕೇಳಿದ್ದರು. ಮಾರ್ಕ್ಸು ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ, ಪ್ರಬಂಧ ನೋಡಿ ಆರಿಸುತ್ತಾರೆ ಎಂದು ಹೇಳಿಬಿಟ್ಟು ಅವನು ನಾಲಿಗೆ ಕಚ್ಚಿಕೊಂಡ. ಪ್ರಬಂಧ ಎಂದ ಕೂಡಲೇ ಅವರ ಮುಖ ಅರಳಿತ್ತು. ವಿಷಯ ಏನು? ನಿಮ್ಮದೇ, ಎಂದಿದ್ದ. ಆ ಪ್ರಬಂಧದ ಬಗ್ಗೆ ಅವನಾಡಿದ ಮಾತುಗಳಲ್ಲಿ ಅದೊಂದು ಮಾತ್ರ ನಿಜ. ಆಮೇಲೆ ಅವರು ಮೂರು ಸಲ ಅದರ ಕಾಪಿ ಕೇಳಿದ್ದರು. ಒಮ್ಮೆ ಪ್ರಿಂಟರ್ ಕೆಟ್ಟಿದೆ ಎಂದ, ಒಮ್ಮೆ ದಾನಿಯಾಳ ಲ್ಯಾಪ್‌ಟಾಪಿನಲ್ಲೆಲ್ಲೋ ಇದೆ ಎಂದ, ಮೂರನೇ ಸಲ ಗ್ಯಾರೇಜಿಗೆ ಹೋಗಿ ಹುಲ್ಲು ಕತ್ತರಿಸುವ ಯಂತ್ರವನ್ನು ಅರ್ಧ ಗಂಟೆ ಒರೆಸಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಅವನು ಐದನೇ ತರಗತಿಯಲ್ಲಿದ್ದಾಗ ಅಮ್ಮಿಯೇ ಅವನಿಗೆ ಗಾದೆಯ ಅರ್ಥ ಬರೆಸಿದ್ದರು.

ಜನವರಿಯ ಒಂದು ಭಾನುವಾರ. ಅವರಿದ್ದ ನೋವೈ ಊರಿನ ಲೈಬ್ರರಿಯ ಗಾಜಿನ ಕೋಣೆಯಲ್ಲಿ ದಾನಿಯಾ ತನ್ನ ಮೊದಲ ಬರಹವನ್ನು ಅವನಿಗೆ ತೋರಿಸಿದ್ದಳು. ಹೊರಗೆ ಹಿಮ ಕೊಳೆಯಾಗಿ ಬಿದ್ದಿತ್ತು. ಚಿಕ್ಕಂದಿನಿಂದ ವಿಡಿಯೋ ಕಾಲಿನಲ್ಲಿ ದಾದಿ, ಅಂದರೆ ಅಪ್ಪನ ಅಮ್ಮ, ಹೇಳಿದ್ದನ್ನೇ ಅವಳು ಬರೆದಿದ್ದಳು. ಅರಸೀಕೆರೆಯ ಮನೆಯ ಜಗಲಿಯಲ್ಲಿ ಭಾನುವಾರ ಮಧ್ಯಾಹ್ನ ತೆಂಗಿನ ನಾರು ಬಡಿಯುವ ಹೆಂಗಸರು ಬಂದು ಕೂರುತ್ತಿದ್ದದ್ದು, ದಾದಿ ಅವರಿಗೆ ಸ್ಲೇಟು ಕೊಟ್ಟು ಅಕ್ಷರ ತಿದ್ದಿಸುತ್ತಿದ್ದದ್ದು, ಪುಟ್ಟಸಿದ್ದಮ್ಮ ಎನ್ನುವಾಕೆ ರೇಷನ್ ಅಂಗಡಿಯಲ್ಲಿ ಮೊದಲ ಸಲ ಸಹಿ ಹಾಕಿ ಸೀದಾ ಟೀಚರ ಮನೆಗೆ ಬಂದು, ‘ಇವತ್ತಿಂದ ನನ್ನ ಹೆಬ್ಬೆಟ್ಟಿಗೆ ರಜಾ’ ಎಂದು ಅತ್ತದ್ದು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಿ ಮನೆಗೆ ಕರೆದುಕೊಂಡು ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಆ ವಾರವೇ ಆಫೀಸಿನಲ್ಲಿ ಶ್ರೀಧರ್ ಊಟದ ಡಬ್ಬಿ ಬಿಚ್ಚುತ್ತಾ ಉಪದೇಶ ಮಾಡಿದ್ದ. ಶಾಮ್‌ಬರ್ಗಿನಿಂದ ಕೆಲಸ ಬದಲಾಯಿಸಿ ಬಂದವನು, ಮಗನನ್ನು ಹಿಂದಿನ ವರ್ಷ ಇಂಥದ್ದೇ ಒಂದು ಕಾಲೇಜಿಗೆ ಸೇರಿಸಿದ ಅನುಭವಿ. ‘ಹೆಡ್‌ಮಿಸ್ಟ್ರೆಸ್ ಮೊಮ್ಮಗಳು ಚೆನ್ನಾಗಿ ಓದಿದ್ರೆ ಅದರಲ್ಲೇನಿದೆ ಫಜಲ್? ಪ್ರಬಂಧದಲ್ಲಿ ಕಷ್ಟ ಇರಬೇಕು. ನಮ್ಮ ಮಕ್ಕಳಿಗೆ ಕಷ್ಟಾನೇ ಇಲ್ಲ, ಅದೇ ನಮ್ಮ ಕಷ್ಟ’ ಎಂದು ನಕ್ಕಿದ್ದ. ಗಾಜಿನ ಕೋಣೆಯಲ್ಲಿ ಫಜಲುಲ್ಲಾ ಪೆನ್ಸಿಲು ಹಿಡಿದು, ಇದನ್ನೇ ತಿರುಗಿಸಿ ಬರಿ, ಎಂದ. ದಾದಿಯನ್ನು ಪುಟ್ಟಸಿದ್ದಮ್ಮನ ಜಾಗದಲ್ಲಿ ಕೂರಿಸು, ದಾದಿಯ ಜಾಗದಲ್ಲಿ ನೀನು ಕೂತುಕೋ. ಹೇಳಿದ್ದು ಇಷ್ಟೇ, ಎರಡೇ ಎರಡು ಕುರ್ಚಿ ಅದಲುಬದಲು. ‘ಬಟ್ ದಾದಿ ಕ್ಯಾನ್ ರೀಡ್’ ಎಂದಳು ದಾನಿಯಾ.

ಅವಳು ಜಗಳವಾಡಿರಲಿಲ್ಲ, ದನಿ ಎತ್ತಿರಲಿಲ್ಲ. ಯಾರಿಗೂ ನಷ್ಟವಿಲ್ಲದ ಸುಳ್ಳು ಇದು, ದಾದಿ ಎಂಟು ಸಾವಿರ ಮೈಲಿ ದೂರದಲ್ಲಿದ್ದಾರೆ, ಅವರನ್ನು ಯಾರು ಹೋಗಿ ಕೇಳುತ್ತಾರೆ, ಎಲ್ಲರೂ ಹೀಗೇ ಬರೆಯುತ್ತಾರೆ ಎಂದು ಅವನೇ ಒಂದರ ಮೇಲೊಂದು ಹೇಳುತ್ತಾ ಹೋದ. ಅವನ ಕೆಲಸ ಕಾರಿನ ಸೀಟುಗಳದ್ದು. ಕಾರನ್ನು ಗೋಡೆಗೆ ಗುದ್ದಿಸಿ, ಸೀಟಿನ ಮೇಲೆ ಕೂರಿಸಿದ ಗೊಂಬೆಯ ಕತ್ತು ಎಷ್ಟು ಮುಂದೆ ಹೋಯಿತು, ಎದೆಗೆ ಎಷ್ಟು ಪೆಟ್ಟು ಬಿತ್ತು ಎಂದು ನೋಡುವುದು. ಗೊಂಬೆಗೆ ನೋವಾಗುವುದಿಲ್ಲ. ಪ್ರಬಂಧದೊಳಗಿನ ಅಜ್ಜಿಯನ್ನೂ ಅವನು ಹಾಗೆಯೇ ಅಂದುಕೊಂಡಿದ್ದ. ದಾನಿಯಾ ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಬರೆದಳು. ಬರೆದದ್ದನ್ನು ಅವನು ಆಫೀಸಿನ ಪಾರ್ಕಿಂಗಿನಲ್ಲಿ ಹೀಟರ್ ಹಾಕಿಕೊಂಡು ಕೂತು ಓದಿದಾಗ ಅವನಿಗೆ ಕಣ್ಣಲ್ಲಿ ನೀರು ಬಂತು. ತಾನೇ ಹೇಳಿಕೊಟ್ಟ ಸುಳ್ಳಿಗೆ ತಾನೇ ಅತ್ತ. ಕಳಿಸಿದ ಬರಹದ ಕೆಳಗೆ ಅವಳು ಏನೂ ಸೇರಿಸಿರಲಿಲ್ಲ, ಹೇಗಿದೆ ಎಂದೂ ಕೇಳಿರಲಿಲ್ಲ. ಆಮೇಲೆ ಅವಳು ಯಾವ ವಿಷಯಕ್ಕೂ ಅವನ ಸಲಹೆ ಕೇಳಲಿಲ್ಲ. ಮಾರ್ಚಿನಲ್ಲಿ ಆನರ್ಸ್ ಕಾಲೇಜಿನಿಂದ ಪತ್ರ ಬಂದಾಗ ಫೋನನ್ನು ಅಮ್ಮನ ಕೈಗೆ ಕೊಟ್ಟಳು, ಅವನ ಕೈಗಲ್ಲ. ಅರೀಬಾ ಆ ರಾಜಕೀಯದಲ್ಲಿ ಸೇರಲೇ ಇಲ್ಲ. ನಿಮ್ಮ ತಾಯಿ, ನಿಮ್ಮ ಮಗಳು, ನೀವುಂಟು ಅವರುಂಟು ಎಂದುಬಿಟ್ಟಿದ್ದಳು.

ಏಪ್ರಿಲಿನಲ್ಲಿ ಅಮ್ಮಿ ಫೋನಿನಲ್ಲಿ, ಮೊಮ್ಮಗಳು ಕಾಲೇಜಿಗೆ ಹೋಗುವ ಮೊದಲು ಮೂರು ತಿಂಗಳು ಅವಳ ಜತೆ ಇರ್ತೀನಿ, ವೀಸಾ ಬಂತು ಎಂದರು. ಊರಿನಲ್ಲಿ ತಮ್ಮ ಮಗಳ ಮನೆಯಲ್ಲಿ ಮಕ್ಕಳುಮರಿಗಳ ನಡುವೆ ಸುಖವಾಗಿದ್ದವರು, ಬರುವುದೇ ಬೇಡ ಎನ್ನುತ್ತಿದ್ದವರು. ಬಂದ ಮೇಲೆ ದಿನಾ ಸಂಜೆ ಒಂದು ನೋಟ್‌ಬುಕ್ ಹಿಡಿದು, ಬಾ ಮಗು, ನಿನ್ನ ಹೆಸರಾದರೂ ಕನ್ನಡದಲ್ಲಿ ಬರೆಯೋದು ಕಲಿ, ಎಂದು ದಾನಿಯಾಳನ್ನು ಕರೆಯುತ್ತಿದ್ದರು. ದಾನಿಯಾ ಹೋಮ್‌ವರ್ಕ್ ಇಲ್ಲದ ಬೇಸಿಗೆಯಲ್ಲೂ ಏನೋ ಹೋಮ್‌ವರ್ಕ್ ಹೇಳಿ ಮೇಲಕ್ಕೆ ಓಡುತ್ತಿದ್ದಳು. ಅಮ್ಮಿ ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು, ಇಲ್ಲಿನ ಮಕ್ಕಳಿಗೆ ಪುರುಸೊತ್ತು ಕಡಿಮೆ ಎನ್ನುತ್ತಿದ್ದರು. ಆ ಮಾತನ್ನು ಅವರು ಮೊಮ್ಮಗಳ ಪರವಾಗಿ, ಸಮಾಧಾನದ ದನಿಯಲ್ಲಿ ಹೇಳುತ್ತಿದ್ದರು. ಫಜಲುಲ್ಲಾ ಟಿವಿಯ ಸದ್ದು ಹೆಚ್ಚಿಸುತ್ತಿದ್ದ.

‘ಬ್ರೈಟನ್’ ಎಂದರು ಅಮ್ಮಿ. ‘ಕೆಲಸ ನಡೀತಾ ಇದೆ, ನಿಧಾನ.’ ರಸ್ತೆ ಅಗೆದು ಕಿತ್ತಳೆ ಡ್ರಮ್ಮುಗಳನ್ನಿಟ್ಟಿದ್ದರು. ಆನರ್ಸ್ ಕಾಲೇಜಿನಿಂದ ಹತ್ತು ದಿನದ ಹಿಂದೆ ಬಂದ ಸ್ವಾಗತ ಕಾರ್ಯಕ್ರಮದ ಪತ್ರದಲ್ಲಿ ಇತ್ತು: ಹೊಸ ಮಕ್ಕಳ ಪ್ರಬಂಧಗಳಿಂದ ಆಯ್ದ ನಾಲ್ಕರ ಕೆಲವು ಸಾಲುಗಳನ್ನು ಡೀನ್ ಓದುತ್ತಾರೆ, ಆಮೇಲೆ ಪ್ರತಿ ವಿದ್ಯಾರ್ಥಿಯೂ ಮನೆಯವರಲ್ಲಿ ಒಬ್ಬರೂ ಒಂದು ಉದ್ದನೆಯ ಬಟ್ಟೆಯ ಮೇಲೆ ಹೆಸರು ಬರೆಯುತ್ತಾರೆ, ಆ ಬಟ್ಟೆ ನಾಲ್ಕು ವರ್ಷ ಕಾಲೇಜಿನ ಹಜಾರದಲ್ಲಿ ತೂಗುತ್ತದೆ. ನಾಲ್ಕರಲ್ಲಿ ಒಂದು ದಾನಿಯಾಳದ್ದು. ಅಜ್ಜಿಯೂ ಬಂದರೆ ನಮಗೆ ಬಹಳ ಸಂತೋಷ ಎಂದು ಬೇರೆ ಬರೆದಿದ್ದರು. ಅದನ್ನು ಬೇಡವೆನ್ನಲು ಅವನು ಮೂರು ಸಲ ಮೇಲ್ ಬರೆಯಲು ಕೂತ. ಮೊದಲನೆಯದರಲ್ಲಿ ಅಜ್ಜಿಗೆ ಹುಷಾರಿಲ್ಲ ಎಂದಿತ್ತು. ಎರಡನೆಯದರಲ್ಲಿ ನಮ್ಮ ಮನೆಯವರಿಗೆ ಪ್ರಚಾರ ಇಷ್ಟವಿಲ್ಲ ಎಂದಿತ್ತು. ಮೂರನೆಯದರಲ್ಲಿ ನಿಜ ಬರೆಯತೊಡಗಿ, ಮೊದಲ ವಾಕ್ಯದ ನಡುವೆ ನಿಲ್ಲಿಸಿ, ಮೂರನ್ನೂ ಅಳಿಸಿದ. ಇವತ್ತು ಬೆಳಿಗ್ಗೆ ಕೂಡ, ಇಲ್ಲಿನ ಲೆಕ್ಕದಲ್ಲಿ ಎಂಬತ್ತೆಂಟು ಡಿಗ್ರಿ ಬಿಸಿಲು, ಸುಸ್ತಾಗುತ್ತೆ, ನೀವು ಮನೆಯಲ್ಲೇ ಇರಿ ಎನ್ನೋಣ ಅಂದುಕೊಂಡು ಕೋಣೆಗೆ ಹೋದರೆ ಅವರು ಆಗಲೇ ಗಂಜಿ ಹಾಕಿದ ಬಿಳಿ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಎಳೆದು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡು ಕೂತಿದ್ದರು. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಬಾವುಟ ಹಾರಿಸುವಾಗ ಉಡುತ್ತಿದ್ದಂಥ ಸೀರೆ. ಕೈಚೀಲದಲ್ಲಿ ನಿವೃತ್ತಿಯ ದಿನ ಮಕ್ಕಳು ಕೊಟ್ಟ ಹೀರೋ ಪೆನ್ನು. ಬಟ್ಟೆ ಮೇಲೆ ಬರೆಯೋದು ಅಂದ್ಯಲ್ಲ, ಅವರ ಪೆನ್ನು ಹೇಗಿರುತ್ತೋ ಏನೋ, ಇದಾದರೆ ನನ್ನ ಕೈಗೆ ಕೂತಿದೆ, ಎಂದರು. ಅವರ ಕೈಬರಹ ಇಡೀ ತಾಲ್ಲೂಕಿಗೆ ಗೊತ್ತು. ಮದುವೆ ಕಾಗದದ ಮೇಲೆ ವಿಳಾಸ ಬರೆಸಿಕೊಳ್ಳಲು ಜನ ಸಾಲು ನಿಲ್ಲುತ್ತಿದ್ದರು. ಆ ಅಕ್ಷರ ಬಟ್ಟೆಯ ಮೇಲೆ ಬಿದ್ದ ಕ್ಷಣ, ಕನ್ನಡ ಬಾರದ ಡೀನ್ ಕೂಡ, ಇದು ನಿನ್ನೆ ಮೊನ್ನೆ ಕಲಿತ ಕೈ ಅಲ್ಲವೆಂದು ತಿಳಿದುಬಿಡುತ್ತಾಳೆ. ಅಮ್ಮಿಗೆ ಅರ್ಥವಾದರೆ ಅಮ್ಮಿಗೆ ಅವಮಾನ, ಅರ್ಥವಾಗದಿದ್ದರೆ ದಾನಿಯಾ ಸಿಕ್ಕಿಬೀಳುತ್ತಾಳೆ. ಎರಡರಲ್ಲಿ ಯಾವುದಾಗಲಿ ಎಂದು ದೇವರನ್ನು ಕೇಳಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಅವನು ಹಿಡಿದುಕೊಂಡಿದ್ದ ಹುಲ್ಲುಕಡ್ಡಿ ಒಂದೇ: ಇಲ್ಲಿಯವರ ಇಂಗ್ಲಿಷ್ ನನಗೆ ಓದಿದರೆ ಗೊತ್ತಾಗುತ್ತೆ, ಕೇಳಿದರೆ ಅರ್ಧವೂ ಹಿಡಿಯಲ್ಲ ಎಂದು ಅಮ್ಮಿ ಆಗಾಗ ಹೇಳುತ್ತಿದ್ದರು.

ಅರಸೀಕೆರೆಯ ಆ ಜಗಲಿಯಲ್ಲಿ ಪುಟ್ಟಸಿದ್ದಮ್ಮನ ಒತ್ತಕ್ಷರ ಬೀಳುತ್ತಿತ್ತು. ಸಿ ಬರೆದು, ದ ಬರೆದು, ಅದರ ಒತ್ತನ್ನು ಬರೆಯುವಷ್ಟರಲ್ಲಿ ಬಳಪ ಜಾರಿ ಒತ್ತು ಗೆರೆ ದಾಟಿ, ಮರದಿಂದ ಬಿದ್ದ ಕಾಯಿಯ ಹಾಗೆ, ಕೆಳಗಿನ ಸಾಲಿನಲ್ಲಿ ಹೋಗಿ ಕೂರುತ್ತಿತ್ತು. ಹತ್ತು ವರ್ಷದ ಫಜಲುಲ್ಲಾ ಜಗಲಿಯ ಮೂಲೆಯಲ್ಲಿ ಕೂತು ಅದನ್ನು ನೋಡಿ ಕಿಸಕ್ಕನೆ ನಕ್ಕ. ಹೆಂಗಸರೆಲ್ಲ ತಲೆ ತಗ್ಗಿಸಿದರು. ಪುಟ್ಟಸಿದ್ದಮ್ಮ ಸ್ಲೇಟನ್ನು ಸೆರಗಿನಿಂದ ಮುಚ್ಚಿಕೊಂಡಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಎನ್ನುವುದು ಅಮ್ಮಿಯ ನಿಯಮ. ಮನೆಯ ಜಗಲಿಯಲ್ಲೇ ಕೂತಿದ್ದರೂ ಅವತ್ತು ಅವರು ಕನ್ನಡದಲ್ಲಿ ಕರೆದಾಗಲೇ, ಕರೆಯುತ್ತಿರುವುದು ತಾಯಲ್ಲ ಟೀಚರ್ ಎಂದು ಅವನಿಗೆ ಗೊತ್ತಾಯಿತು. ಬಾ, ನಿನ್ನ ಹೆಸರು ಬರಿ, ಎಂದರು. ಅವನು ಜಂಬದಿಂದ ಬರೆದ. ಈಗ ಎಡಗೈಯಲ್ಲಿ ಬರಿ, ಎಂದರು. ಎಡಗೈಯಲ್ಲಿ ಫ ಎನ್ನುವ ಅಕ್ಷರ ಮೊಟ್ಟೆಯೊಡೆದ ಹಾಗೆ ಹರಡಿಕೊಂಡಿತು, ಒತ್ತು ಎಲ್ಲಿ ಹೋಯಿತೋ ಅವನಿಗೇ ಸಿಗಲಿಲ್ಲ. ಸ್ಲೇಟನ್ನು ಅಮ್ಮಿ ಹೆಂಗಸರ ಕಡೆಗೆ ತಿರುಗಿಸಿ ಹಿಡಿದರು. ಅವರು ನಗಲಿಲ್ಲ, ಅದೇ ಅವನಿಗೆ ಹೆಚ್ಚು ನಾಚಿಕೆಯಾದದ್ದು. ಪುಟ್ಟಸಿದ್ದಮ್ಮ ಮಾತ್ರ ಹತ್ತಿರ ಬಂದು ಅವನ ಎಡಗೈಯನ್ನು ತನ್ನ ನಾರು ಬಡಿದು ಬಿರುಸಾದ ಅಂಗೈಯಲ್ಲಿ ಹಿಡಿದು, ಬರ್ತದೆ ಬಿಡು ಕಂದ, ನಂಗೂ ಬರ್ತದೆ ನಿಂಗೂ ಬರ್ತದೆ, ಎಂದಳು. ಆ ಅಂಗೈಯ ಒರಟು ಈಗಲೂ, ಸ್ಟೀರಿಂಗ್ ಹಿಡಿದ ಕೈಗೆ, ತಾಕಿದ ಹಾಗಿತ್ತು.

ಕಾಲೇಜಿನ ಹಜಾರ ತಣ್ಣಗಿತ್ತು. ಬಿಳಿ ಬಟ್ಟೆ ಹಾಸಿದ ದುಂಡು ಮೇಜುಗಳು, ನಿಂಬೆ ಪಾನಕ, ಕುಕಿಗಳು. ಹಾಸ್ಟೆಲಿನ ಮೂರನೇ ಮಹಡಿಗೆ ಫ್ರಿಜ್ಜು ಹೊತ್ತು ಬೆವೆತ ಅಪ್ಪಂದಿರೆಲ್ಲ ಅಂಗಿಯ ಕಂಕುಳನ್ನು ಮರೆಮಾಡಿಕೊಂಡು ಕೂತಿದ್ದರು. ಒಂದು ಗೋಡೆಯುದ್ದಕ್ಕೂ ಮೇಜುಗಳನ್ನು ಜೋಡಿಸಿ ಆ ಬಟ್ಟೆಯನ್ನು ಹಾಸಿದ್ದರು, ಮೇಲೆ ಕಪ್ಪು ಮಾರ್ಕರುಗಳು. ಅಮ್ಮಿ ಗೋಡೆಯ ಮೇಲಿದ್ದ ಹಳೆಯ ವರ್ಷಗಳ ಬಟ್ಟೆಗಳನ್ನು ಒಂದೊಂದಾಗಿ ಓದುತ್ತಾ ಹೋದರು. ದಾನಿಯಾ ಅಮ್ಮನ ತೋಳಿಗೆ ಅಂಟಿಕೊಂಡು, ತುಟಿಯ ಸಿಪ್ಪೆಯನ್ನು ಹಲ್ಲಿನಲ್ಲಿ ಕೀಳುತ್ತಾ ಕೂತಿದ್ದಳು. ಒಮ್ಮೆ ಮಾತ್ರ ಅವಳು ಅಪ್ಪನ ಕಡೆ ನೋಡಿದಳು. ನೀನು ಹೇಳಿದ್ದೆ, ಈಗ ನೀನೇ ಏನಾದರೂ ಮಾಡು ಎನ್ನುವ ನೋಟ. ಅವನು ಪಾನಕ ತರಲು ಎದ್ದುಹೋದ.

ಡೀನ್ ಬೆಳ್ಳಿ ಕೂದಲಿನ, ಎತ್ತರದ ಹೆಂಗಸು. ಒಳ್ಳೆಯವಳು, ಅದು ನೋಡಿದರೇ ತಿಳಿಯುತ್ತಿತ್ತು, ಕೆಟ್ಟವಳಾಗಿದ್ದರೆ ಫಜಲುಲ್ಲಾನಿಗೆ ಸ್ವಲ್ಪ ಸುಲಭವಾಗುತ್ತಿತ್ತು. ಸಭೆಯಲ್ಲಿ ಅಜ್ಜಅಜ್ಜಿಯರಿದ್ದಾರೆ, ಅವರಿಗೆ ತಿಳಿಯುವ ಹಾಗೆ ನಿಧಾನವಾಗಿ ಓದುತ್ತೇನೆ ಎಂದು ಆಕೆ ಹೇಳಿದಾಗ ಅವನ ಕೈಯಲ್ಲಿದ್ದ ಹುಲ್ಲುಕಡ್ಡಿಯೂ ಮುರಿಯಿತು. ಆಕೆ ಓದಿದ್ದು ಶಾಲೆಯಲ್ಲಿ ಉಕ್ತಲೇಖನ ಕೊಟ್ಟ ಹಾಗೆ, ಪದ ಪದ ಬಿಡಿಸಿ. ನನ್ನ ಅಜ್ಜಿ ಎಪ್ಪತ್ತು ವರ್ಷ ಅಕ್ಷರದ ಹೊರಗೆ ನಿಂತಿದ್ದರು. ಒಂದು ಬೇಸಿಗೆ ರಜೆಯಲ್ಲಿ, ಅವರ ಅಡುಗೆಮನೆಯ ನೆಲದ ಮೇಲೆ ಕೂತು, ಅವರ ಕೈಯನ್ನು ನನ್ನ ಕೈಯಲ್ಲಿ ಹಿಡಿದು ನಾನು ಅವರ ಹೆಸರನ್ನು ಬರೆಸಿದೆ. ಅವರ ಕೈ ನಡುಗುತ್ತಿತ್ತು. ಬರೆದು ಮುಗಿಸಿ ಅವರು, ಇವತ್ತಿಂದ ನನ್ನ ಹೆಬ್ಬೆಟ್ಟಿಗೆ ರಜಾ, ಎಂದು ಅತ್ತರು. ಫಜಲುಲ್ಲಾ ಅಮ್ಮಿಯ ಮುಖ ನೋಡಲಾರದೆ ಅವರ ಕೈಗಳನ್ನು ನೋಡಿದ. ಮಡಿಲಲ್ಲಿ ಒಂದರ ಮೇಲೊಂದು ಇದ್ದವು. ಮೊದಲ ಸಾಲಿಗೆ ಅವು ಅಲುಗಲಿಲ್ಲ. ಎರಡನೆಯದಕ್ಕೂ ಇಲ್ಲ. ಹೆಬ್ಬೆಟ್ಟಿನ ಮಾತು ಬಂದಾಗ ಬಲಗೈಯ ಹೆಬ್ಬೆರಳು ಮೆಲ್ಲಗೆ ಉಳಿದ ಬೆರಳುಗಳ ಒಳಗೆ ಸರಿದು ಅಡಗಿಕೊಂಡಿತು.

ಜನ ಚಪ್ಪಾಳೆ ತಟ್ಟಿದರು. ಪಕ್ಕದ ಮೇಜಿನ ಹೆಂಗಸು ಕಣ್ಣೊ‌ರೆಸಿಕೊಂಡಳು. ಡೀನ್ ಇವರ ಮೇಜಿಗೇ ನಡೆದು ಬಂದು, ಬಗ್ಗಿ, ಅಮ್ಮಿಯ ಎರಡೂ ಕೈ ಹಿಡಿದು, ಇವತ್ತು ಮೊದಲ ಹೆಸರು ನಿಮ್ಮದೇ ಆಗಬೇಕು, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದಳು. ಅಮ್ಮಿ ಎದ್ದರು. ಎದ್ದವರು ಕೊರಳಿನ ದಾರವನ್ನು ತಲೆಯಿಂದ ದಾಟಿಸಿ ಕನ್ನಡಕ ತೆಗೆದರು, ಮಡಿಸಿದರು, ಕೈಚೀಲದಲ್ಲಿಟ್ಟು ಜಿಪ್ ಎಳೆದರು. ಹೀರೋ ಪೆನ್ನು ಚೀಲದಲ್ಲೇ ಉಳಿಯಿತು. ಅವರಿಗೆ ಎಲ್ಲವೂ ಅರ್ಥವಾಗಿದೆ ಎಂದು ಆಗ ಫಜಲುಲ್ಲಾನಿಗೆ ಖಚಿತವಾಯಿತು. ಕನ್ನಡಕವಿಲ್ಲದೆ ಅವರಿಗೆ ಒಂದು ಅಕ್ಷರವೂ ಕಾಣುವುದಿಲ್ಲ. ಆದರೆ ಓದು ಬಾರದ ಹೆಂಗಸಿಗೆ ಓದುವ ಕನ್ನಡಕ ಎಲ್ಲಿಂದ ಬರಬೇಕು. ಅವನು ಕುರ್ಚಿಯಿಂದ ಅರ್ಧ ಎದ್ದ. ಅರ್ಧ ಎದ್ದವನು, ನಲವತ್ತಾರು ವರ್ಷದ ಗಂಡಸು, ಹಾಗೇ ಕೂತ.

ಅಮ್ಮಿ ಮೇಜಿನ ಮುಂದೆ ನಿಂತು ಮಾರ್ಕರನ್ನು ಬಲಗೈಯಿಂದ ತೆಗೆದುಕೊಂಡರು. ಕ್ಷಣ ಬಿಟ್ಟು ಅದನ್ನು ಎಡಗೈಗೆ ಬದಲಾಯಿಸಿದರು. ಎಡಗೈಯಲ್ಲಿ ಒಂದು ಲೋಟ ನೀರನ್ನೂ ಎತ್ತದವರು. ಆ ಇನ್ನೂರು ಜನರಲ್ಲಿ ಅದರ ಅರ್ಥ ಗೊತ್ತಿದ್ದದ್ದು ಒಬ್ಬನಿಗೇ. ಪಕ್ಕದಲ್ಲಿ ಮರಗಟ್ಟಿ ನಿಂತಿದ್ದ ದಾನಿಯಾಳ ಕಡೆ ಅವರು ತಿರುಗಿ, ‘ಕೈ ಹಿಡ್ಕೋ ಮಗು’ ಎಂದರು. ಅಷ್ಟು ಕನ್ನಡ ದಾನಿಯಾಳಿಗೆ ಬರುತ್ತಿತ್ತು. ಅವಳು ದಾದಿಯ ಎಡಗೈಯ ಮೇಲೆ ತನ್ನ ಕೈಯಿಟ್ಟಳು. ಪ್ರಬಂಧದಲ್ಲಿ ನಡುಗಿದ್ದು ಅಜ್ಜಿಯ ಕೈ. ಇಲ್ಲಿ ನಡುಗುತ್ತಿದ್ದದ್ದು ಹುಡುಗಿಯದು. ನೂ ಎನ್ನುವ ಅಕ್ಷರ ಎದ್ದು ಬಿದ್ದು ಬಂತು, ರು ಒಂದು ಕಡೆಗೆ ವಾಲಿತು, ನ್ನೀ ಬರೆಯುವಾಗ ಒತ್ತು ಗೆರೆ ಬಿಟ್ಟು ಜಾರಿ, ಎಲ್ಲೋ ಕೆಳಗೆ ಹೋಗಿ, ಪುಟ್ಟಸಿದ್ದಮ್ಮನ ಒತ್ತು ಕೂರುತ್ತಿದ್ದ ಜಾಗದಲ್ಲೇ ಕೂತಿತು. ದಾನಿಯಾ ಬಿಕ್ಕಿದಳು. ಅದನ್ನು ಜನ ಸಂತೋಷ ಎಂದುಕೊಂಡರು, ಫೋಟೋ ತೆಗೆದರು. ಅಮ್ಮಿ ಮೊಮ್ಮಗಳ ತಲೆ ಸವರಿ, ಸೆರಗಿನಿಂದ ಅವಳ ಮೂಗು ಒರೆಸಿ, ಚೆನ್ನಾಗಿ ಓದು ಎಂದರು.

ಅರೀಬಾ ಮಗಳ ಹಾಸಿಗೆ ಸರಿಮಾಡಿಕೊಟ್ಟು ಬರುತ್ತೇನೆಂದು ಉಳಿದಳು. ತಾಯಿ ಮಗ ಇಬ್ಬರೇ ಕಾರಿನಲ್ಲಿ ಹಿಂದಿರುಗಿದರು. ದಾನಿಯಾ ಹಾಸ್ಟೆಲಿನ ಬಾಗಿಲಲ್ಲಿ ದಾದಿಯನ್ನು ತಬ್ಬಿಕೊಂಡು ಸಾರಿ ಎಂದು ನಾಲ್ಕೈದು ಸಲ ಹೇಳಿದ್ದಳು, ಅಪ್ಪನಿಗೆ ಒಂದು ಬಾಯ್ ಮಾತ್ರ ಸಿಕ್ಕಿತ್ತು. ತೊಂಬತ್ತಾರನೇ ಹೆದ್ದಾರಿ ಹತ್ತಿ ಹದಿನೈದು ಮೈಲಿ ಕಳೆಯಿತು. ಬೋರ್ಡುಗಳು ಬಂದವು, ಹೋದವು. ಅಮ್ಮಿ ಒಂದನ್ನೂ ಓದಲಿಲ್ಲ. ಕನ್ನಡಕ ಚೀಲದಲ್ಲೇ ಇತ್ತು. ಬೆಳಿಗ್ಗೆ ಇವರ ಓದು ನಿಂತರೆ ಸಾಕು ಎನಿಸಿದ್ದವನಿಗೆ ಈಗ ಆ ಮೌನದಲ್ಲಿ ಏಸಿಯ ಸದ್ದು ಕೇಳುತ್ತಾ ಕೂರುವುದು ಬೆನ್ನಿಗೆ ಛಡಿಯೇಟು ಬಿದ್ದಂತಿತ್ತು. ಬೈಯಬಾರದೇ, ಅಳಬಾರದೇ. ಕೊನೆಗೆ ಅವನೇ, ಅಮ್ಮಿ, ನಾನು, ಎಂದು ಶುರುಮಾಡಿದ.

‘ಅದೇನು ಬರೆದಿದೆ?’ ಎಂದರು ಅಮ್ಮಿ, ಮುಂದೆ ಬರುತ್ತಿದ್ದ ಹಸಿರು ಹಲಗೆಯ ಕಡೆ ಕೈ ತೋರಿಸಿ. ಉರ್ದುವಿನಲ್ಲಲ್ಲ, ಕನ್ನಡದಲ್ಲಿ.

ಅವನಿಗೆ ಅರ್ಥವಾಗಲಿಲ್ಲ. ‘ಅಮ್ಮಿ?’

‘ನನಗೆ ಓದಕ್ಕೆ ಬರಲ್ಲವಲ್ಲಪ್ಪ. ನೀನು ಓದು.’

‘ಹೋವೆಲ್’ ಎಂದ. ‘ಎರಡು ಮೈಲಿ.’

ಮುಂದಿನದು ಬಂದಾಗ ಮತ್ತೆ ಕೈ ತೋರಿಸಿದರು. ಅದನ್ನೂ ಓದಿದ. ಗಟ್ಟಿಯಾಗಿ ಓದು, ಎಂದರು. ಬ್ರೈಟನ್ ಓದಿದ. ಕೆಲಸ ನಡೆಯುತ್ತಿದೆ, ನಿಧಾನ, ಎಂದು ಓದಿದ. ಕೆನ್ಸಿಂಗ್‌ಟನ್ ಓದಿದ. ಹಂಬರ್ಗರಿನ ಹಲಗೆ, ಹಾಸಿಗೆ ಅಂಗಡಿಯ ಹಲಗೆ, ಹಲ್ಲು ಕಿರಿಯುವ ವಕೀಲ, ಅವನ ಫೋನ್ ನಂಬರು. ಎದುರಿನಿಂದ ಬರುವ ಲಾರಿಯ ಮೈಮೇಲಿನ ಬರಹವನ್ನೂ ಅವರು ಬಿಡಲಿಲ್ಲ. ನಡುವೆ ಒಂದು ಸಲ ಅವನ ದನಿ ಒಡೆಯಿತು, ಕಣ್ಣು ಮಂಜಾಗಿ ವಿಕ್ಸಮ್ ಎನ್ನುವುದು ಕಾಣಿಸಲಿಲ್ಲ. ಅವರು ಕಾಯುತ್ತಾ ಕೂತರು, ತಪ್ಪಿದ ಮಗುವಿಗೆ ಮತ್ತೊಂದು ಅವಕಾಶ ಕೊಡುವವರ ಹಾಗೆ. ಅವನು ಕಣ್ಣೊರೆಸಿಕೊಂಡು ಓದಿದ. ಬೆಕ್ ರೋಡ್. ನೋವೈ ರೋಡ್. ಸಬ್‌ಡಿವಿಷನ್ನಿನ ಕಲ್ಲಿನ ಮೇಲಿನ ಹೆಸರು. ಬೀದಿಯ ಹೆಸರು. ಗ್ಯಾರೇಜಿನ ಬಾಗಿಲು ಮೇಲೆದ್ದು, ಕಾರು ಒಳಗೆ ನಿಂತು, ಓದಲು ಇನ್ನೇನೂ ಉಳಿಯದೆ, ಅವನು ಸ್ಟೀರಿಂಗಿನ ಮೇಲೆ ಹಣೆಯಿಟ್ಟ.

ಅಮ್ಮಿ ಇಳಿಯಲಿಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ‘ನನ್ನ ಹೆಸರು ಎಷ್ಟು ಕೆಡಿಸಿದ್ರೂ ಕೆಡಲ್ಲ, ಹೋಗಲಿ. ಪುಟ್ಟಸಿದ್ದಮ್ಮ ತೀರಿಕೊಂಡು ಆರು ವರ್ಷ ಆಯ್ತು. ಅವಳು ಜೀವಮಾನದಲ್ಲಿ ತನ್ನದು ಅಂತ ಸಂಪಾದಿಸಿದ್ದು ಆ ಒಂದು ಮಾತು. ಅದನ್ನ ಕಿತ್ಕೊಂಡು ಬಂದು ಇಲ್ಲಿ ಮಾರಿಬಿಟ್ಯಲ್ಲ ಫಜಲು.’

ಆಮೇಲೆ ಅವರು ಕೈಚೀಲದ ಜಿಪ್ ಎಳೆದು ಕನ್ನಡಕ ತೆಗೆದು ಹಾಕಿಕೊಂಡರು. ಆ ಎತ್ತರದ ಹೆಂಗಸಿಗೆ ಕಾಗದ ಬರಿ, ಎಂದರು. ಮಗುವಿಗೆ ಹೇಳಿಕೊಟ್ಟವನು ನೀನು ಎಂದು ಬರಿ, ಆ ಮಾತು ಯಾರದ್ದು ಎಂದು ಬರಿ, ಕೆಳಗೆ ನಿನ್ನ ಸಹಿ ಹಾಕು. ಸಭೆಯಲ್ಲಿ ಮಗುವಿನ ಮಾನ ಹೋಗಬಾರದಿತ್ತು, ಅಷ್ಟನ್ನು ನಾನು ಮಾಡಿದೆ. ಉಳಿದದ್ದು ನಿನ್ನ ಕೆಲಸ.

‘ಅವಳ ಸೀಟು ಹೋದರೆ?’ ಎಂದ ಅವನು. ಹತ್ತು ವರ್ಷದ ಹುಡುಗನ ದನಿ.

‘ಹೋದರೆ ಹೊರಗೆ ಎಲ್ಲರ ಜತೆ ಕೂತು ಊಟ ಮಾಡ್ತಾಳೆ. ಅಡುಗೆ ಒಂದೇ ಅಂತ ನೀನೇ ಹೇಳಿದ್ಯಲ್ಲ.’

ಹೀರೋ ಪೆನ್ನನ್ನು ಮುಚ್ಚಳ ಬಿಚ್ಚಿ ಅವನ ಕಡೆಗೆ ಚಾಚಿದರು. ಅವನ ಬಲಗೈ ಸ್ಟೀರಿಂಗನ್ನು ಬಿಟ್ಟಿರಲಿಲ್ಲ, ತೆಗೆದುಕೊಳ್ಳಲು ಎಡಗೈ ಮುಂದೆ ಬಂತು. ಅಮ್ಮಿ ಪೆನ್ನನ್ನು ಹಿಂದಕ್ಕೆಳೆದುಕೊಂಡರು.

‘ಬಲಗೈಯಲ್ಲಿ’ ಎಂದರು.